ಗಿನಿಯ ಆಫರ್ ಒಪ್ಪುವ ಮೊದಲು ನನ್ನ ಲಿಬಿಯಾ ಕತೆ ಕೇಳಿ

ಆಫ್ರಿಕಾದ ಈಕ್ವಟೋರಿಯಲ್ ಗಿನಿಯಲ್ಲಿ ಕೆಲಸದ ಆಫರ್ ಬಂದಿದೆ, ಅಲ್ಲಿ ತೈಲ ಉಂಟು, 1979ರಿಂದ ಒಬ್ಬನೇ ಅಧ್ಯಕ್ಷ, ಹಾಗಾಗಿ ಸೇಫ್ ಅಲ್ವಾ, ಸುರತ್ಕಲ್ ಕೆಲಸ ಬಿಟ್ಟು ಹೋಗ್ಲಾ ಅಂತ ಕೇಳಿದ್ದೀರಿ. ಮಾರಾಯ್ರೇ, 2009ರಲ್ಲಿ ಕಾಪುವಿನ ನಮ್ಮ ಮನೆ ಜಗಲಿಯಲ್ಲಿ ಕೂತು ನಾನು ಅಪ್ಪನಿಗೆ ಇದನ್ನೇ ಹೇಳಿದ್ದೆ, ನಾನು ಹೊರಟದ್ದು ಲಿಬಿಯಾಕ್ಕೆ. ಅಲ್ಲಿ ಆಳುವ ಗಡಾಫಿ 1969ರಿಂದ ಕೂತಿದ್ದಾನೆ, ಅವನನ್ನು ಅಲುಗಾಡಿಸುವವರು ಯಾರು, ನೆಲದಡಿ ಅಷ್ಟು ತೈಲ ಇರುವಾಗ ಸಂಬಳಕ್ಕೆ ಎಂತ ಭಯ ಅಂತ.

ಬೆಂಗಾಜಿಯಲ್ಲಿ ಒಂದು ಹೌಸಿಂಗ್ ಪ್ರಾಜೆಕ್ಟಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ಗೇಟಿಗೆ 1,400 ಚೀಲ ಸಿಮೆಂಟ್ ಬಂದ್ರೆ ರಿಜಿಸ್ಟರಲ್ಲಿ 2,000 ಅಂತ ಬರೆಸ್ತಿದ್ರು, ಬಿಲ್ ಪಾಸ್ ಮಾಡುವ ಆಫೀಸರ್ ಸ್ಟೋರಿನ ಒಳಗೆ ಕಾಲೂ ಇಡದೆ ಕಾರಿನ ಬಾನೆಟ್ ಮೇಲೇ ಕಾಗದ ಇಟ್ಟು ಸೀಲ್ ಒತ್ತಿ ಹೋಗ್ತಿದ್ದ. ಯಾರೂ ಕೇಳುವವರಿಲ್ಲ. ನಮ್ಮಲ್ಲಿ ಪಂಚಾಯತ್ ರೋಡ್ ಒಂದೇ ಮಳೆಗೆ ಕಿತ್ತು ಹೋದ್ರೆ ನಾವು ಕಟ್ಟಿದ ತೆರಿಗೆ ಅಂತ ಜಗಳಕ್ಕಾದ್ರೂ ಹೋಗ್ತೇವೆ, ಅಲ್ಲಿ ಸರಕಾರದ ದುಡ್ಡು ಜನರ ಜೇಬಿಂದ ಬರುದೇ ಅಲ್ಲ, ರಫ್ತಿನ ಆದಾಯದಲ್ಲಿ 90 ಪರ್ಸೆಂಟಿಗಿಂತ ಹೆಚ್ಚು ತೈಲದ್ದು. ತೈಲ ಬಾವಿ, ಬಂದರು, ಪೊಲೀಸು ಇಷ್ಟು ಕೈಯಲ್ಲಿದ್ರೆ ಆಳುವವನಿಗೆ ಜನರ ಹಂಗಿಲ್ಲ. 1972ರಿಂದಲೇ ರಾಜಕೀಯ ಪಕ್ಷ ಕಟ್ಟುದು ಅಪರಾಧ. ಸೈನ್ಯ ಬಲವಾದ್ರೆ ತನ್ನನ್ನೇ ಇಳಿಸ್ತದೆ ಅಂತ ಗಡಾಫಿ ಅದನ್ನೂ ಬೇಕಂತಲೇ ಸೊರಗಿಸಿ ಮಗನ ಕೈಗೆ ಬೇರೆ ಬ್ರಿಗೇಡ್ ಕೊಟ್ಟಿದ್ದ.

ಈಗ ನನ್ನ ತಪ್ಪು. ಕಂಪನಿಯವರು ಅರ್ಧ ಸಂಬಳ ಡಾಲರಲ್ಲಿ ಊರಿಗೆ, ಅರ್ಧ ದಿನಾರಲ್ಲಿ ಇಲ್ಲೇ ನಮ್ಮ ಲೆಕ್ಕದಲ್ಲಿ ಇರ್ಲಿ, ಕಾಂಟ್ರಾಕ್ಟ್ ಮುಗಿದಾಗ ಒಟ್ಟಿಗೆ ಕೊಡ್ತೇವೆ ಅಂದ್ರು. ನಾನು ಒಪ್ಪಿದೆ. ಬೇಡ ಅನ್ನುವ ಅವಕಾಶ ಇತ್ತು, ನನ್ನ ರೂಮಿನಲ್ಲಿದ್ದ ಕುಂದಾಪುರದ ಅಣ್ಣ ಒಬ್ರು ಬೇಡ ಅಂದು ಪೂರ್ತಿ ಊರಿಗೆ ಕಳಿಸಿಕೊಂಡ್ರು, ಅವರಿಗೆ ರೇಟಲ್ಲಿ ಸ್ವಲ್ಪ ಕಮ್ಮಿ ಸಿಕ್ತಿತ್ತು, ಆ ಸ್ವಲ್ಪ ಉಳಿಸ್ಲಿಕ್ಕೆ ಹೋಗಿ ನಾನು ಒಪ್ಪಿದ್ದು. ತಿಂಗಳಿಗೊಂದು ಸ್ಲಿಪ್ ಕೊಡ್ತಿದ್ರು, ಅದರಲ್ಲಿ ಸೀಲ್ ಇಲ್ಲ, ಅಗ್ರಿಮೆಂಟಿನ ಕಾಪಿಯೂ ನಾನು ಕೇಳ್ಲಿಲ್ಲ. ಅಷ್ಟು ತೈಲ ಇರುವ ದೇಶದ ಸರಕಾರ ಕಂಪನಿಗೆ ದುಡ್ಡು ಕೊಡದೆ ಇರ್ತದಾ, ಕಂಪನಿ ನನಗೆ ಕೊಡದೆ ಇರ್ತದಾ, ಇದೇ ನನ್ನ ಲೆಕ್ಕ. ದೇಶದ ದುಡ್ಡನ್ನು ನನ್ನ ದುಡ್ಡಿನ ಗ್ಯಾರಂಟಿ ಅಂದ್ಕೊಂಡೆ.

2011 ಫೆಬ್ರವರಿ 17ಕ್ಕೆ ಬೆಂಗಾಜಿಯಲ್ಲಿ ದಂಗೆ ಜೋರಾಯ್ತು, ನಾಲ್ಕೇ ದಿನಕ್ಕೆ ಕ್ಯಾಂಪ್ ಲೂಟಿ, ಮ್ಯಾನೇಜರ್ ರಾತ್ರೋರಾತ್ರಿ ಪರಾರಿ. ಭಾರತ ಸರಕಾರ ಕಳಿಸಿದ ಸ್ಕೋಟಿಯಾ ಪ್ರಿನ್ಸ್ ಹಡಗಲ್ಲಿ ಅಲೆಕ್ಸಾಂಡ್ರಿಯಾಕ್ಕೆ ಬಂದಾಗ ನನ್ನ ಹತ್ರ ಇದ್ದದ್ದು ಒಂದು ಬ್ಯಾಗು ಮತ್ತು ಆ 14 ಸ್ಲಿಪ್. ಒಂದು ರೂಪಾಯಿ ಬರ್ಲಿಲ್ಲ. ತಂಗಿ ಮದುವೆಗೆ ಸೊಸೈಟಿಯಲ್ಲಿ ಸಾಲ ಮಾಡ್ಬೇಕಾಯ್ತು.

ಹಾಗಾಗಿ ಒಬ್ಬನೇ ಬಹಳ ವರ್ಷ ಕೂತಿದ್ದಾನೆ ಅಂದ್ರೆ ಸ್ಟೇಬಲ್ ಅಂತ ದಯವಿಟ್ಟು ತಿಳ್ಕೊಬೇಡಿ. ಗಡಾಫಿ 42 ವರ್ಷ ಕೂತಿದ್ದ, ಎದ್ದಾಗ ಹಿಂದೆ ಒಂದು ಗಟ್ಟಿ ಸಂಸ್ಥೆ ಇರ್ಲಿಲ್ಲ. 2013ರಲ್ಲಿ ತೈಲ ಬಂದರು ಕಾಯ್ಲಿಕ್ಕೆ ಇಟ್ಟ ಗಾರ್ಡ್‌ಗಳೇ ಬಂದರು ಮುಚ್ಚಿ ಸರಕಾರದ ಹತ್ರ ಚೌಕಾಸಿಗೆ ಕೂತ್ರು, 2014ರಿಂದ ಎರಡೆರಡು ಸರಕಾರ. ಗಡಾಫಿ ಬಂದ 1969ರಲ್ಲೇ ನಾರ್ವೆಗೂ ತೈಲ ಸಿಕ್ಕಿದ್ದು, ಆದ್ರೆ ಪಾರ್ಲಿಮೆಂಟು, ಕೋರ್ಟು, ತೆರಿಗೆ ಎಲ್ಲ ಅಲ್ಲಿ ಮೊದಲೇ ಇತ್ತು, ಹಾಗಾಗಿ ಅಲ್ಲಿ ಹೀಗೆ ಆಗ್ಲಿಲ್ಲ. ನಿಮ್ಮ ಗಿನಿಯಲ್ಲಿ ಅಧ್ಯಕ್ಷನ ಮಗನೇ ಉಪಾಧ್ಯಕ್ಷ, ದೇಶದ ದುಡ್ಡು ನುಂಗಿದ ಕೇಸಲ್ಲಿ 2017ರಲ್ಲಿ ಪ್ಯಾರಿಸ್ ಕೋರ್ಟು ಅವನನ್ನು ದೋಷಿ ಅಂದಿದೆ.

ಸುರತ್ಕಲ್ಲಾ ಗಿನಿಯಾ ಅಂತ ತೂಗಿ ನೋಡ್ಲಿಕ್ಕೆ ನನಗೆ ಬರುದಿಲ್ಲ. ಸಂಬಳ ಪೂರ್ತಿ ಪ್ರತಿ ತಿಂಗಳು ಊರಿನ ಬ್ಯಾಂಕಿಗೆ ಬರುದಾದ್ರೆ ಮಾತ್ರ ಯೋಚನೆ ಮಾಡಿ, ಸ್ವಲ್ಪವೂ ಅಲ್ಲಿನ ಫ್ರಾಂಕಲ್ಲಿ ಅಲ್ಲೇ ಜಮಾ ಅಂತ ಇದ್ರೆ ಬೇಡವೇ ಬೇಡ. ಆಫರ್ ಲೆಟರಲ್ಲಿ ಸಂಬಳದ ಬಗ್ಗೆ ಇರುವ ಸಾಲುಗಳನ್ನು ಇಲ್ಲಿ ಟೈಪ್ ಮಾಡಿ ಹಾಕಿ, ಇವತ್ತು ರಾತ್ರಿಯೇ ನೋಡಿ ಹೇಳ್ತೇನೆ.