ಎದುರಿನ ಅಂಗಡಿಯ ಚೀಲ

ಎದುರುಗಡೆ ದೊಡ್ಡ ಅಂಗಡಿ ಬಂತು, ನಿದ್ದೆ ಹೋಯಿತು ಅಂತ ನನ್ನ ಬಳಿ ಆಪ್ತಸಲಹೆಗೆ ಬರುವವರು ಉಡುಪಿ, ಮಣಿಪಾಲ ಕಡೆ ಈಗ ಜಾಸ್ತಿ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಹಾಗೆ ಬಂದ ಒಬ್ಬರದ್ದು ಉಡುಪಿ ಪೇಟೆಯ ಹೊರಗೆ ದಿನಸಿ ಅಂಗಡಿ. ರಸ್ತೆಯಾಚೆ ಸೂಪರ್ ಮಾರ್ಕೆಟ್ ತೆರೆದ ಮೇಲೆ ಊಟ ಸೇರುತ್ತಿರಲಿಲ್ಲ, ಮನೆಯಲ್ಲಿ ರೇಗಾಟ. ಕುಚ್ಚಲಕ್ಕಿಯಿಂದ ತೆಂಗಿನೆಣ್ಣೆವರೆಗೆ ಎಲ್ಲದರ ಬೆಲೆ ಇಳಿಸಿದ್ದರು, ಪಿಗ್ಮಿ, ಅಂದರೆ ಬ್ಯಾಂಕಿಗೆ ದಿನಾ ಕಟ್ಟುವ ಸಣ್ಣ ಉಳಿತಾಯ, ಅದನ್ನೂ ನಿಲ್ಲಿಸಿದ್ದರು.

ಒಂದು ಸಲ ಹೆಂಡತಿಯೂ ಜೊತೆಗೆ ಬಂದರು. "ಇಷ್ಟು ವರ್ಷ ಸಾಲ ಕೊಟ್ಟವನು ನಾನು, ಈಗ ನನ್ನ ಎದುರೇ ಅಲ್ಲಿಗೆ ಹೋಗ್ತಾರೆ" ಎಂದು ಇವರು ಒಬ್ಬೊಬ್ಬರ ಹೆಸರು ಹೇಳುತ್ತಾ ಹೋದರು. ಹೆಂಡತಿ ತಡೆದು ಹೇಳಿದ್ದು: "ನೀವೀಗ ಯಾರ ಮುಖವೂ ನೋಡುವುದಿಲ್ಲ, ಕೈಯ ಚೀಲ ಮಾತ್ರ ನೋಡುವುದು. ಮೊನ್ನೆ ಟೀಚರ್ ನಮ್ಮ ಅಂಗಡಿ ತಪ್ಪಿಸ್ಲಿಕ್ಕೆ ಹಿಂದಿನ ಓಣಿಯಲ್ಲಿ ಹೋದ್ರು."

ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಹಾಗಾದರೆ ಅವರಿಗೆ ನಾಚಿಕೆಯಾ?"

ಹೌದು, ನಾಚಿಕೆಯೇ. ದ್ರೋಹ ಅಂದುಕೊಂಡಿದ್ದು ಮುಜುಗರ ಆಗಿತ್ತು. ಬೇರೆ ಕಡೆ ಅಕ್ಕಿ ತಂದವರನ್ನು ದುರುಗುಟ್ಟಿ ನೋಡಿದರೆ, ಅವರು ಬೆಂಕಿಪೊಟ್ಟಣಕ್ಕೂ ನಿಮ್ಮ ಮೆಟ್ಟಿಲು ಹತ್ತುವುದಿಲ್ಲ. ಆ ಚೀಲ ಹಿಡಿದು ಹೋಗುವವರನ್ನೇ ಮೊದಲು ಮಾತಾಡಿಸಿ, ಮನೆಯವರ ಕ್ಷೇಮ ಕೇಳಿ, ವ್ಯಾಪಾರದ ಮಾತು ಬೇಡ ಎಂದೆ.

ಬೆಲೆ ಇಳಿಸುವುದು ನಿಲ್ಲಿಸಿ ಎಂದೂ ಹೇಳಿದೆ. ವ್ಯಾಪಾರದ ಲೆಕ್ಕ ಆಪ್ತಸಲಹೆಗಾರರ ಕೆಲಸವಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗಲ್ಲಾಪೆಟ್ಟಿಗೆಯ ಚಿಂತೆಯಿಂದ ನಿದ್ದೆಗೆಟ್ಟವರಿಗೆ ಬರೀ ಉಸಿರಾಟದ ಅಭ್ಯಾಸ ಕಲಿಸಿ ಕಳಿಸಿದರೆ ಏನು ಪ್ರಯೋಜನ, ಅಲ್ವಾ? 80 ರೂಪಾಯಿಗೆ ತಂದ ಸಾಮಾನನ್ನು 100ರ ಬದಲು 90ಕ್ಕೆ ಮಾರಿದರೆ ಲಾಭ ಅರ್ಧಕ್ಕಿಳಿಯುತ್ತದೆ. ಮೊದಲಿನಷ್ಟೇ ಉಳಿಯಬೇಕಾದರೆ ಎರಡು ಪಟ್ಟು ಮಾರಬೇಕು, ಗಿರಾಕಿ ಕಡಿಮೆಯಾದ ಹೊತ್ತಲ್ಲಿ ಅದು ಆಗುವ ಮಾತಲ್ಲ. ಹೆದರಿಕೆಯಲ್ಲಿ ಮಾಡಿದ ಈ ಕೆಲಸವೇ ಹೆದರಿಕೆಯನ್ನು ಹೆಚ್ಚಿಸುತ್ತಿತ್ತು.

ಪಿಗ್ಮಿ ಮತ್ತೆ ಕಟ್ಟಿ ಎಂದೆ, ಸಣ್ಣ ಮೊತ್ತವಾದರೂ ಸಾಕು. 1928ರಲ್ಲಿ ನಮ್ಮ ಕಡೆಯ ಬ್ಯಾಂಕೇ ದಿನಕ್ಕೆ ಎರಡಾಣೆಯಿಂದ ಇದನ್ನು ಶುರು ಮಾಡಿದ್ದು. ದಿನಾ ಏನೋ ಒಂದಿಷ್ಟು ಉಳಿಯಿತು ಎಂಬುದು ಕಣ್ಣಿಗೆ ಕಾಣಬೇಕು.

ವ್ಯಾಪಾರ ಈಗಲೂ ಮೊದಲಿನಷ್ಟಿಲ್ಲ. ಆದರೆ ರೇಗಾಟ ಕಡಿಮೆಯಾಗಿದೆ, ರಾತ್ರಿ ಮಲಗುತ್ತಾರೆ. ನಿಮಗೆ ಇದೇ ಕಾರಣಕ್ಕೆ ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಯಾರಿಗೂ ಹೇಳಲಾಗದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.