ದೆಹಲಿಯಿಂದ ಮಲೆನಾಡಿನ ಮನೆಗೆ ನಾಯಿಯನ್ನು ಕರೆತರುವುದು ಹೇಗೆ?

ಗುರುಗ್ರಾಮದಲ್ಲಿರುವ ನೀವು ಪತ್ನಿ ಮತ್ತು ಐದು ವರ್ಷದ ಲ್ಯಾಬ್ರಡಾರ್ ನಾಯಿಯೊಂದಿಗೆ ದೀಪಾವಳಿಗೆ ಸಾಗರದ ಬಳಿಯ ತಂದೆ-ತಾಯಿಯ ಮನೆಗೆ ಬಂದು ಒಂದು ತಿಂಗಳು ಇರಬೇಕೆಂದಿದ್ದೀರಿ. ರೈಲು, ಕಾರು, ವಿಮಾನ ಇವುಗಳಲ್ಲಿ ಯಾವುದು ಸರಿ ಎಂದು ಕೇಳಿದ್ದೀರಿ. ದೆಹಲಿಯಲ್ಲಿ ಕೆಲಸದಲ್ಲಿದ್ದ ವರ್ಷಗಳಲ್ಲಿ ನಾನು ಚುಕ್ಕಿ ಎಂಬ ನಮ್ಮ ನಾಡನಾಯಿಯನ್ನು ಮೂರು ಸಲ ತೀರ್ಥಹಳ್ಳಿ ಸೀಮೆಯ ಮನೆಗೆ ಕರೆತಂದಿದ್ದೇನೆ. ಆ ಅನುಭವದ ಮೇಲೆ ಹೇಳುವುದಾದರೆ, ರೈಲಿನ ಎ.ಸಿ. ಮೊದಲ ದರ್ಜೆಯಲ್ಲಿ ನಿಮ್ಮಿಬ್ಬರಿಗಷ್ಟೇ ಮೀಸಲಾದ ಕೂಪೆ ಸಿಕ್ಕರೆ ರೈಲಿನಲ್ಲಿ ಬನ್ನಿ, ಸಿಗದಿದ್ದರೆ ಕಾರಿನಲ್ಲಿ ಬನ್ನಿ, ಎರಡೂ ಸಾಧ್ಯವಾಗದಿದ್ದರೆ ಈ ಸಲ ಅದನ್ನು ನಂಬಿಕೆಯ ಸ್ನೇಹಿತರ ಮನೆಯಲ್ಲಿ ಬಿಟ್ಟು ಬನ್ನಿ. ಗಾರ್ಡ್ ಇರುವ ಬೋಗಿಯಾದ ಬ್ರೇಕ್ ವ್ಯಾನಿನ ನಾಯಿಪೆಟ್ಟಿಗೆಗೆ ಮಾತ್ರ ಅದನ್ನು ಹಾಕಬೇಡಿ.

ರೈಲ್ವೆಯ ನಿಯಮದಂತೆ ದೊಡ್ಡ ನಾಯಿಯನ್ನು ಜೊತೆಯಲ್ಲಿ ಇರಿಸಿಕೊಳ್ಳಲು ಅವಕಾಶವಿರುವುದು ಮೊದಲ ದರ್ಜೆಯಲ್ಲಿ ಮಾತ್ರ. ಎರಡು ಅಥವಾ ಮೂರು ಹಂತದ ಎ.ಸಿ. ಬೋಗಿ, ಸ್ಲೀಪರ್, ಚೇರ್ ಕಾರ್ ಇವುಗಳಲ್ಲಿ ಇಲ್ಲ. ಮೊದಲ ದರ್ಜೆಯಲ್ಲಿ ಎರಡು ಬರ್ತಿನ ಕೂಪೆ, ನಾಲ್ಕು ಬರ್ತಿನ ಕ್ಯಾಬಿನ್ ಎಂದು ಎರಡು ಬಗೆಯ ಕೋಣೆಗಳಿರುತ್ತವೆ. ಟಿಕೆಟ್ ಕೊಳ್ಳುವಾಗ ಇಂಥದ್ದೇ ಸಿಗುತ್ತದೆಂದು ಖಚಿತಪಡಿಸಿಕೊಳ್ಳಲು ಬರುವುದಿಲ್ಲ. ಚಾರ್ಟ್ ಸಿದ್ಧವಾದಾಗಲೇ ಯಾವ ಕೋಣೆ ಎಂಬುದು ತಿಳಿಯುತ್ತದೆ. ಆದ್ದರಿಂದ ಇಬ್ಬರ ಹೆಸರನ್ನೂ ಒಂದೇ ಪಿ.ಎನ್.ಆರ್.ನಲ್ಲಿ ಕಾದಿರಿಸಿ, ಆ ಸಂಖ್ಯೆಯನ್ನೂ ಲಸಿಕೆಯ ದಾಖಲೆಯ ಪ್ರತಿಯನ್ನೂ ಲಗತ್ತಿಸಿ, ನಾಯಿಯೊಂದಿಗೆ ಪ್ರಯಾಣಿಸುತ್ತಿರುವುದರಿಂದ ಕೂಪೆ ಕೊಡಬೇಕೆಂದು ರೈಲ್ವೆಯ ವಾಣಿಜ್ಯ ವಿಭಾಗಕ್ಕೆ ಲಿಖಿತ ಅರ್ಜಿ ಸಲ್ಲಿಸಿ, ಪ್ರಯಾಣಕ್ಕೆ ಒಂದೆರಡು ದಿನ ಮುಂಚೆ ಖುದ್ದಾಗಿ ಹೋಗಿ ಅದನ್ನು ನೆನಪಿಸಬೇಕು. 2024ರ ನವೆಂಬರಿನಿಂದ ಮುಂಗಡ ಬುಕಿಂಗ್ 120 ದಿನಗಳ ಬದಲು 60 ದಿನಗಳಿಗೆ ಇಳಿದಿರುವುದರಿಂದ, ಹಬ್ಬದ ಕಾಲದ ಮೊದಲ ದರ್ಜೆಯ ಕೆಲವೇ ಬರ್ತುಗಳಿಗಾಗಿ ನೀವು ಆ ಅರವತ್ತನೆಯ ದಿನದ ಬೆಳಗ್ಗೆಯೇ ಕುಳಿತುಕೊಳ್ಳಬೇಕಾಗುತ್ತದೆ.

ಹೊರಡುವ ಮುಂಚಿನ 24ರಿಂದ 48 ಗಂಟೆಗಳೊಳಗೆ ಪಶುವೈದ್ಯರಿಂದ ಆರೋಗ್ಯ ಪ್ರಮಾಣಪತ್ರ ಪಡೆಯಿರಿ. ಅದರಲ್ಲಿ ತಳಿ, ಬಣ್ಣ, ಲಿಂಗ ನಮೂದಾಗಿರಬೇಕು. ರೈಲು ಹೊರಡುವುದಕ್ಕೆ ಮೂರು ಗಂಟೆ ಮೊದಲೇ ನಿಲ್ದಾಣದ ಪಾರ್ಸೆಲ್ ಕಚೇರಿಗೆ ಹೋಗಿ ನಾಯಿಯನ್ನು ಲಗೇಜಿನ ಲೆಕ್ಕದಲ್ಲಿ ಬುಕ್ ಮಾಡಿಸಿ, ರಸೀದಿ ಇಟ್ಟುಕೊಳ್ಳಿ. ಬುಕ್ ಮಾಡಿಸದೆ ಹತ್ತಿಸಿದರೆ ಹಲವು ಪಟ್ಟು ದಂಡ ತೆರಬೇಕಾಗುತ್ತದೆ.

ಪೆಟ್ಟಿಗೆಯ ವಿಷಯದಲ್ಲಿ ನಾನು ಇಷ್ಟು ಕಟುವಾಗಿ ಹೇಳುವುದಕ್ಕೆ ಕಾರಣವಿದೆ. ಮೊದಲ ಸಲ ನಮಗೆ ಕೂಪೆ ಸಿಗಲಿಲ್ಲ. ನಾಲ್ಕು ಬರ್ತಿನ ಕ್ಯಾಬಿನ್ನಿನಲ್ಲಿ ಎರಡು ಬಂದವು. ಉಳಿದ ಎರಡರಲ್ಲಿದ್ದ ಹಿರಿಯ ದಂಪತಿಗಳಲ್ಲಿ ಆಕೆಗೆ ಉಬ್ಬಸವಿತ್ತು. ಸಹಪ್ರಯಾಣಿಕರು ಒಪ್ಪದಿದ್ದರೆ ನಾಯಿಯನ್ನು ಅಲ್ಲಿ ಇರಿಸಿಕೊಳ್ಳುವಂತಿಲ್ಲ, ಅವರು ಒಪ್ಪದಿದ್ದುದು ನ್ಯಾಯವಾಗಿಯೇ ಇತ್ತು. ಎರಡು ದಿನಗಳಲ್ಲಿ ತಂದೆಯವರ ಶಸ್ತ್ರಚಿಕಿತ್ಸೆ ಇದ್ದುದರಿಂದ ಪ್ರಯಾಣ ಬಿಡುವ ಹಾಗಿರಲಿಲ್ಲ. ಚುಕ್ಕಿಯನ್ನು ಬ್ರೇಕ್ ವ್ಯಾನಿನ ಪೆಟ್ಟಿಗೆಗೆ ಹತ್ತಿಸಿದೆ. ಅದು ಜಾಲರಿ ಬಾಗಿಲಿನ ಇಕ್ಕಟ್ಟಾದ ಕಬ್ಬಿಣದ ಗೂಡು. ಗಾಳಿ ಸಾಲದು, ಗಾಲಿಯ ಸದ್ದು ನೇರವಾಗಿ ಕಿವಿಗೆ ಬಡಿಯುತ್ತದೆ. ನಮ್ಮ ಬೋಗಿಗೂ ಅದಕ್ಕೂ ನಡುವೆ ಹೆಚ್ಚುಕಡಿಮೆ ಇಡೀ ರೈಲಿನ ಉದ್ದವಿತ್ತು. ಝಾನ್ಸಿ, ಭೋಪಾಲ್, ಇಟಾರ್ಸಿ, ಭುಸಾವಳ ಹೀಗೆ ಗಾಡಿ ಐದಾರು ನಿಮಿಷ ನಿಂತ ಕಡೆಯೆಲ್ಲ ನೀರಿನ ಬಟ್ಟಲು ಹಿಡಿದು ಓಡುತ್ತಿದ್ದೆ. ಗಾರ್ಡ್ ಸಹೃದಯರಾಗಿದ್ದು ಪ್ರತಿ ಸಲವೂ ಬಾಗಿಲು ತೆರೆದುಕೊಟ್ಟರು. ಆದರೂ ಭೋಪಾಲಿನ ನಂತರ ಅವಳು ನೀರು ಮುಟ್ಟಲಿಲ್ಲ. ಬೆಂಗಳೂರಿನಲ್ಲಿ ಇಳಿಸಿಕೊಂಡಾಗ ಜಾಲರಿಗೆ ಉಜ್ಜಿ ಉಜ್ಜಿ ಮೂತಿಯ ಮೇಲಿನ ಚರ್ಮ ಕಿತ್ತುಬಂದಿತ್ತು. ಮುಂದೆ ಎರಡು ವರ್ಷ, ಅಂಗಡಿಯ ಶಟರ್ ಎಳೆದ ಸದ್ದು ಕೇಳಿದರೂ ಅವಳು ನಡುಗಿ ನನ್ನ ಕಾಲಿಗೆ ಒತ್ತಿಕೊಳ್ಳುತ್ತಿದ್ದಳು. ಅದು ಡಿಸೆಂಬರ್ ತಿಂಗಳು. ಅಂಗಾಲಿನಲ್ಲಿ ಬಿಟ್ಟರೆ ಬೇರೆಲ್ಲೂ ಹೆಚ್ಚು ಬೆವರದ, ಏದುಸಿರಿನಿಂದಲೇ ಮೈಯ ಕಾವನ್ನು ಇಳಿಸಿಕೊಳ್ಳಬೇಕಾದ ಪ್ರಾಣಿಗೆ ಮೇ ತಿಂಗಳಿನಲ್ಲಿ ಅದೇ ಗೂಡು ಏನಾಗಿರುತ್ತಿತ್ತೆಂದು ನಾನು ಈಗಲೂ ಯೋಚಿಸುತ್ತೇನೆ.

ಮುಂದಿನ ಎರಡು ಪ್ರಯಾಣಗಳು ಕೂಪೆಯಲ್ಲಿ ನಡೆದವು, ಸುಖವಾಗಿಯೇ ನಡೆದವು. ದೆಹಲಿಯಿಂದ ರಾತ್ರಿ ಹೊರಡುವ ಕರ್ನಾಟಕ ಎಕ್ಸ್‌ಪ್ರೆಸ್ ಸುಮಾರು 2,400 ಕಿ.ಮೀ. ಕ್ರಮಿಸಿ ಮೂರನೆಯ ದಿನ ಬೆಂಗಳೂರು ಸೇರುತ್ತದೆ. ರಾಜಧಾನಿ ಅದಕ್ಕಿಂತ ಬೇಗ ತಲುಪುವುದಾದರೂ ನಿಲ್ಲುವ ಊರುಗಳು ಕಡಿಮೆ, ಹಾಗಾಗಿ ನಾಯಿಯ ಮಟ್ಟಿಗೆ ನಾನು ಕರ್ನಾಟಕ ಎಕ್ಸ್‌ಪ್ರೆಸ್ಸನ್ನೇ ಮೆಚ್ಚುತ್ತೇನೆ. ನಿಜವಾದ ತೊಡಕು ಇರುವುದು ಮೂತ್ರವಿಸರ್ಜನೆಯಲ್ಲಿ. ಮಣ್ಣು-ಹುಲ್ಲಿಗೆ ಒಗ್ಗಿದ ನಾಯಿ ಸಿಮೆಂಟಿನ ಪ್ಲಾಟ್‌ಫಾರಮಿನಲ್ಲಿ, ಅಷ್ಟು ಜನರ ನಡುವೆ, ಐದು ನಿಮಿಷದಲ್ಲಿ ಕೆಲಸ ಮುಗಿಸಲಾರದೆ ತಡೆದುಕೊಳ್ಳುತ್ತದೆ. ಆದ್ದರಿಂದ ಹೊರಡುವುದಕ್ಕೆ ಒಂದು ತಿಂಗಳು ಮೊದಲೇ ಕೃತಕ ಹುಲ್ಲಿನ ಚಾಪೆಯ ತುಂಡೊಂದನ್ನು ತಂದು, ಅದಕ್ಕೆ ಅದರದೇ ಮೂತ್ರದ ವಾಸನೆ ಹತ್ತಿಸಿ, ಮನೆಯ ಬಾಲ್ಕನಿಯಲ್ಲಿ ಅಭ್ಯಾಸ ಮಾಡಿಸಿ. ರೈಲಿನಲ್ಲಿ ಅದೇ ಚಾಪೆಯನ್ನು ಕೂಪೆಯ ಮೂಲೆಯಲ್ಲಿ ಹಾಸಿದರೆ ಸಾಕು. ಹೊರಡುವ ಮುನ್ನ ನಾಲ್ಕೈದು ಗಂಟೆ ಆಹಾರ ಕೊಡಬೇಡಿ, ನೀರು ಕೊಡಿ. ದಾರಿಯಲ್ಲಿ ಮೊಸರನ್ನದಂತಹ ಅದಕ್ಕೆ ಒಗ್ಗಿದ ಹಗುರ ಊಟ ಸ್ವಲ್ಪ ಸ್ವಲ್ಪವೇ ಸಾಕು. ನಿದ್ದೆ ಬರಿಸುವ ಮಾತ್ರೆ ಕೊಟ್ಟರೆ ಒಳಿತಲ್ಲವೇ ಎಂದು ಹಲವರು ಕೇಳುತ್ತಾರೆ. ಅದು ರಕ್ತದೊತ್ತಡವನ್ನು ಇಳಿಸಬಹುದು, ಮೈಯ ಉಷ್ಣತೆಯ ಹತೋಟಿಯನ್ನು ಕೆಡಿಸಬಹುದು, ಆದ್ದರಿಂದ ನಿಮ್ಮ ವೈದ್ಯರು ನಾಯಿಯನ್ನು ಪರೀಕ್ಷಿಸಿ ತಾವೇ ಬರೆದುಕೊಟ್ಟ ಹೊರತು ಬೇಡ.

ಬೆಂಗಳೂರಿನಿಂದ ಸಾಗರಕ್ಕೆ ಇನ್ನೂ ಸುಮಾರು 360 ಕಿ.ಮೀ. ಇದೆ. ಇಳಿದ ದಿನವೇ ಮುಂದೆ ಹೊರಡದೆ ಒಂದು ರಾತ್ರಿ ಬಂಧುಗಳ ಮನೆಯಲ್ಲಿ ತಂಗಿ, ಮರುದಿನ ನಸುಕಿನಲ್ಲಿ ನಾಯಿಯನ್ನು ಹತ್ತಿಸಲು ಒಪ್ಪಿದ ಟ್ಯಾಕ್ಸಿಯಲ್ಲಿ ತುಮಕೂರು, ಅರಸೀಕೆರೆ, ಶಿವಮೊಗ್ಗ ಮಾರ್ಗವಾಗಿ ಹೊರಡುವುದು ಲೇಸು.

ಕಾರಿನಲ್ಲಿ ಬರುವುದಾದರೆ ರಾಷ್ಟ್ರೀಯ ಹೆದ್ದಾರಿ 44 ಆಗ್ರಾ, ಝಾನ್ಸಿ, ನಾಗಪುರ, ಹೈದರಾಬಾದ್, ಕರ್ನೂಲು ದಾಟಿಸಿ ನಿಮ್ಮನ್ನು ಬೆಂಗಳೂರಿಗೆ ತಲುಪಿಸುತ್ತದೆ. ಮೂರು ರಾತ್ರಿಗಳ ತಂಗುವಿಕೆ ಇಟ್ಟುಕೊಳ್ಳಿ, ನಾಯಿಯನ್ನು ಒಳಬಿಡುವ ಹೋಟೆಲುಗಳನ್ನು ಫೋನಿನಲ್ಲಿ ಮಾತನಾಡಿಯೇ ಖಚಿತಪಡಿಸಿಕೊಳ್ಳಿ, ಎರಡು-ಮೂರು ಗಂಟೆಗೊಮ್ಮೆ ಹಗ್ಗ ಹಿಡಿದೇ ಕೆಳಗಿಳಿಸಿ. ಸಿವನಿಗೂ ನಾಗಪುರಕ್ಕೂ ನಡುವೆ ರಸ್ತೆ ಪೆಂಚ್ ಹುಲಿ ಮೀಸಲು ಪ್ರದೇಶದ ಕಾಡನ್ನು ಹಾಯುತ್ತದೆ, ಅಲ್ಲಿ ನಿಲ್ಲಿಸಬೇಡಿ. ಊಟಕ್ಕೆ ಇಳಿದಾಗ ಒಬ್ಬರು ನಾಯಿಯ ಜೊತೆಗಿರಬೇಕು, ಏಕೆಂದರೆ ಬಿಸಿಲಿನಲ್ಲಿ ನಿಂತ ಕಾರು ಕೆಲವೇ ನಿಮಿಷಗಳಲ್ಲಿ ಒಲೆಯಾಗುತ್ತದೆ.

ವಿಮಾನ ನಿಮಗೆ ಹೊಂದುವುದಿಲ್ಲ. ಏರ್ ಇಂಡಿಯಾ ಮತ್ತು ಆಕಾಸ ಏರ್ ಸಾಕುಪ್ರಾಣಿಗಳನ್ನು ಒಯ್ಯುತ್ತವೆಯಾದರೂ ಪ್ರಯಾಣಿಕರ ಜೊತೆಗೆ ಬಿಡುವುದು ಪಂಜರದ ತೂಕವೂ ಸೇರಿ ಕೆಲವೇ ಕಿಲೋ ಇರುವ ಚಿಕ್ಕ ಪ್ರಾಣಿಗಳನ್ನು. ಲ್ಯಾಬ್ರಡಾರ್ ಸರಕಿನ ಭಾಗಕ್ಕೆ ಹೋಗಬೇಕಾಗುತ್ತದೆ.

ಪ್ರಯಾಣದಷ್ಟೇ ಗಮನವನ್ನು ನೀವು ಊರಿನಲ್ಲಿ ಕಳೆಯುವ ತಿಂಗಳಿಗೂ ಕೊಡಬೇಕು. ತಂದೆ-ತಾಯಿಯೊಂದಿಗೆ ಮೊದಲೇ ಮಾತನಾಡಿ ನಾಯಿ ಎಲ್ಲಿಯವರೆಗೆ ಬರಬಹುದೆಂದು ಕೇಳಿಕೊಳ್ಳಿ. ನಮ್ಮ ತಾಯಿ ಮಡಿಯವರು. ಅಡುಗೆಮನೆ ಮತ್ತು ದೇವರಮನೆಯ ಹೊಸ್ತಿಲಿಗೆ ಮರದ ತಡೆ ಕಟ್ಟಿದ ಮೇಲೆ ಅವರಿಗೂ ನೆಮ್ಮದಿಯಾಯಿತು, ಚುಕ್ಕಿಗೂ ತನ್ನ ಗಡಿ ತಿಳಿಯಿತು. ರಾತ್ರಿ ಮಾತ್ರ ಜಗುಲಿಯಲ್ಲಿ ಕಟ್ಟಿಹಾಕಬೇಡಿ, ಬಾಗಿಲು ಮುಚ್ಚಿ ಒಳಗೇ ಮಲಗಿಸಿ. ಮಲೆನಾಡಿನ ಹಳ್ಳಿಗಳಲ್ಲಿ ಚಿರತೆ ನಾಯಿಗಾಗಿಯೇ ಅಂಗಳಕ್ಕೆ ಬರುವುದು ನಿಮ್ಮ ಹಿರಿಯರಿಗೆ ಗೊತ್ತಿರುವ ವಿಷಯ. ಹಾಗೆಯೇ ದೀಪಾವಳಿಯ ನಂತರ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆಗಳ ಕೊಯ್ಲು, ಶುರುವಾಗಿ ಅಂಗಳದಲ್ಲೆಲ್ಲ ಅಡಿಕೆ ಹರಡಿರುತ್ತದೆ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ರಾಸಾಯನಿಕ ನಾಯಿಗೆ ಜೊಲ್ಲು, ವಾಂತಿ, ಭೇದಿ ಉಂಟುಮಾಡುತ್ತದೆ. ಹಿಂದೆ ನಾಯಿಗಳ ಲಾಡಿಹುಳು ಹೊರಹಾಕಲು ಅದನ್ನೇ ಔಷಧವಾಗಿ ಕೊಡುತ್ತಿದ್ದರು. ಕಂಡದ್ದನ್ನೆಲ್ಲ ಬಾಯಿಗೆ ಹಾಕುವ ಲ್ಯಾಬ್ರಡಾರಿನ ಮೇಲೆ ಅಲ್ಲಿ ಕಣ್ಣಿಟ್ಟಿರಬೇಕು.

ಮೈಗೆ ಹತ್ತಿ ರಕ್ತ ಹೀರುವ ಉಣ್ಣೆಯ, ಅಂದರೆ ಉಣುಗಿನ, ವಿಷಯವನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಿ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಿಮ್ಮ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಉಣ್ಣೆಗಳಿಂದ ಹರಡುತ್ತದೆ ಮತ್ತು ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ ಹೆಚ್ಚುತ್ತದೆ. ಕಾಡಿನ ದರಗೆಲೆಯಲ್ಲಿ ಹೊರಳಿ ಬಂದ ನಾಯಿ ಉಣ್ಣೆಯನ್ನು ಮನೆಯೊಳಗೆ, ವಯಸ್ಸಾದ ನಿಮ್ಮ ತಂದೆ-ತಾಯಿಯ ಹತ್ತಿರಕ್ಕೆ ತರಬಲ್ಲದು. ಹೊರಡುವ ಮುನ್ನವೇ ಉಣ್ಣೆನಿರೋಧಕ ಔಷಧವನ್ನು ವೈದ್ಯರಿಂದ ಕೊಡಿಸಿ, ಕಾಡಿನ ಅಂಚಿಗೆ ಬಿಡದಿರಿ, ಪ್ರತಿ ಸಂಜೆ ಕಿವಿಯ ಒಳಗೂ ಬೆರಳುಗಳ ಸಂದಿಯಲ್ಲೂ ಕೈಯಾಡಿಸಿ ನೋಡಿ.

ಮರಳುವ ಪ್ರಯಾಣಕ್ಕೆ ಹೊಸ ಆರೋಗ್ಯ ಪ್ರಮಾಣಪತ್ರ ಬೇಕಾಗುತ್ತದೆ. ಅದನ್ನು ಸಾಗರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಪಡೆಯಬಹುದು. ಆದರೆ ಸಾಗರದಿಂದ ಬೆಂಗಳೂರು ಸೇರಿ ರೈಲು ಹತ್ತುವ ಹೊತ್ತಿಗೆ ಆ 48 ಗಂಟೆಗಳು ಮೀರದಂತೆ, ನಡುವೆ ಭಾನುವಾರವೋ ಸರ್ಕಾರಿ ರಜೆಯೋ ಬೀಳದಂತೆ ಹಿಂದಿರುಗುವ ದಿನವನ್ನು ಈಗಲೇ ಗೊತ್ತುಮಾಡಿಕೊಂಡು ಟಿಕೆಟ್ ಕಾದಿರಿಸಿ. ಲಸಿಕೆಯ ಮೂಲ ಪುಸ್ತಕ ಕೈಚೀಲದಲ್ಲೇ ಇರಲಿ.