ಏಜೆಂಟನಿಗೆ ಹದಿನೈದು ಸಾವಿರ ಕೊಡುವ ಮೊದಲು

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಸಾರ ಇಷ್ಟು:

"ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಸಣ್ಣ ಕ್ಯಾಂಟೀನ್ ನಡೆಸುತ್ತೇನೆ. ಲಾಕ್‌ಡೌನ್ ಸಮಯದಲ್ಲಿ ಕ್ರೆಡಿಟ್ ಕಾರ್ಡ್ ಕಟ್ಟಲು ಆಗಲಿಲ್ಲ. ಖರ್ಚು ಮಾಡಿದ್ದು 70,000. ಬಾಕಿ 1,38,000 ಆಯಿತು. 2022ರಲ್ಲಿ 60,000ಕ್ಕೆ ಸೆಟಲ್ ಮಾಡಿದೆ. ಈಗ ಒಂದು ಪರ್ಸನಲ್ ಲೋನ್ ಇದೆ. ಇಎಂಐ 5ನೇ ತಾರೀಖು. ಕ್ಯಾಂಟೀನಿನ ಬಿಲ್ಲಿಗೆ ಆಫೀಸಿನವರ ದುಡ್ಡು ಬರುವುದು 18ಕ್ಕೋ 20ಕ್ಕೋ, ಬಂದ ಕೂಡಲೇ ಕಟ್ಟುತ್ತೇನೆ. ಭಿಶಿಯಲ್ಲಿ (ತಿಂಗಳ ಚೀಟಿ ಗುಂಪು) ಒಂದು ಕಂತೂ ತಪ್ಪಿಸಿದವನಲ್ಲ. ಆದರೂ ಸಾಲ ಹೇಗೆ ಕಟ್ಟುತ್ತೇವೆ ಎಂದು ತೋರಿಸುವ ಸಿಬಿಲ್ ಅಂಕ 591. ಒಂದೆರಡು ವರ್ಷದ ಹಿಂದೆ ಇಷ್ಟು ಕೆಟ್ಟಿರಲಿಲ್ಲ. ಬರುವ ವರ್ಷ ಮಗಳಿಗೆ ಎಜುಕೇಶನ್ ಲೋನ್ ಬೇಕು. ಒಬ್ಬ ಏಜೆಂಟ್ 15,000 ಕೊಟ್ಟರೆ ಎರಡು ತಿಂಗಳಲ್ಲಿ 750 ಮಾಡಿಸಿಕೊಡುತ್ತಾನಂತೆ. ಕೊಡಲಾ? ಈಗೀಗ ಸಂಘದ ಕಾರ್ಯಕ್ರಮಕ್ಕೂ ಹೋಗುತ್ತಿಲ್ಲ, ಯಾರಾದರೂ ಕೇಳಿದರೆ ಏನು ಹೇಳಲಿ ಅಂತ."

ಕೊಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಸಂಚಿಕೆ ನಿಮ್ಮ ಕೈ ಸೇರುವುದರೊಳಗೆ ಅವನು ಇನ್ನೆರಡು ಸಲ ಫೋನ್ ಮಾಡಿರುತ್ತಾನೆ.

ಲೋಕಲ್ ಟ್ರೇನಿನ ಬಾಗಿಲ ಪಕ್ಕ ಇಂಥ ಚೀಟಿ ಅಂಟಿಸಿರುವುದನ್ನು ನಾವೆಲ್ಲ ನೋಡಿದ್ದೇವೆ. ಅವರ ಕೆಲಸ ಹೇಗೆ ನಡೆಯುತ್ತದೆ ಗೊತ್ತಾ? ನಿಮ್ಮ ಪಾನ್, ಆಧಾರ್, ಓಟಿಪಿ ತೆಗೆದುಕೊಂಡು ನಿಮ್ಮ ಹೆಸರಿನಲ್ಲೇ ಒಂದಿಷ್ಟು ತಕರಾರು ಸಲ್ಲಿಸುತ್ತಾರೆ. ಆ ತಕರಾರನ್ನು ನೀವೇ ಮೊಬೈಲಿನಲ್ಲಿ ಪುಕ್ಕಟೆ ಸಲ್ಲಿಸಬಹುದು. ಸಾಲ ಕೊಟ್ಟ ಬ್ಯಾಂಕ್ ಒಪ್ಪದೆ ಸಿಬಿಲ್‌ನವರು ಒಂದು ಅಕ್ಷರವನ್ನೂ ಬದಲಿಸುವುದಿಲ್ಲ. ಅಂದಮೇಲೆ ಏಜೆಂಟ್ ಎಲ್ಲಿಂದ ಬದಲಿಸುತ್ತಾನೆ? ನಿಮ್ಮ ಓಟಿಪಿ ಇನ್ನೊಬ್ಬರ ಕೈಗೆ ಹೋದರೆ ನಿಮ್ಮ ಹೆಸರಿನಲ್ಲಿ ಹೊಸ ಸಾಲವೇ ಎದ್ದುಬಿಡಬಹುದು. ನನಗೆ ಜಾಸ್ತಿ ಹೆದರಿಕೆ ಆದದ್ದು ಅದಕ್ಕೇ. ಹದಿನೈದು ಸಾವಿರ ಹೋದರೆ ಹೇಗೋ ಸಹಿಸಬಹುದು.

ನೀವು 591 ಎಂಬ ಒಂದು ಸಂಖ್ಯೆ ಬರೆದಿದ್ದೀರಿ. ಪೂರ್ತಿ ರಿಪೋರ್ಟ್ ನೋಡಿದ ಹಾಗೆ ಕಾಣಲಿಲ್ಲ. ಅಲ್ಲಿಂದಲೇ ಶುರು ಮಾಡಿ. ನಮ್ಮ ದೇಶದಲ್ಲಿ ಈ ಲೆಕ್ಕ ಇಡುವ ಕಂಪನಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಪ್ರತಿಯೊಂದೂ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಲೇಬೇಕು ಎಂದು ರಿಸರ್ವ್ ಬ್ಯಾಂಕ್ 2017ರಿಂದ ನಿಯಮ ಮಾಡಿದೆ. ಮೂರು ತಿಂಗಳಿಗೊಂದರಂತೆ ತೆಗೆಸಿಕೊಂಡರೆ ವರ್ಷವಿಡೀ ಕಣ್ಣಿಟ್ಟ ಹಾಗಾಗುತ್ತದೆ. ನಮ್ಮ ರಿಪೋರ್ಟ್ ನಾವೇ ನೋಡಿದರೆ ಅಂಕ ಇಳಿಯುತ್ತದೆ ಎಂದು ಹಲವರು ನಂಬಿದ್ದಾರೆ. ಅದು ಸುಳ್ಳು. ಇಳಿಯುವುದು ಸಾಲಕ್ಕೆ ಅರ್ಜಿ ಹಾಕಿ ಬ್ಯಾಂಕಿನವರು ನೋಡಿದಾಗ. ಒಂದೇ ತಿಂಗಳಲ್ಲಿ ನಾಲ್ಕು ಕಡೆ ಅರ್ಜಿ ಹಾಕಿದರೆ ಇನ್ನೂ ಕೆಟ್ಟದ್ದು.

ರಿಪೋರ್ಟಿನಲ್ಲಿ ಒಂದೊಂದು ಸಾಲದ ಕೆಳಗೂ ತಿಂಗಳಿಗೊಂದರಂತೆ ಸಣ್ಣ ಸಣ್ಣ ಮನೆಗಳಿರುತ್ತವೆ, ಮೂರು ವರ್ಷದ ತನಕದ್ದು. ಮನೆಯೊಳಗೆ 000 ಅಂತ ಇದ್ದರೆ ಆ ತಿಂಗಳು ಸರಿಯಾಗಿ ಕಟ್ಟಿದ್ದೀರಿ ಎಂದರ್ಥ. 030 ಎಂದರೆ ಮೂವತ್ತು ದಿನ ತಡ. 010 ಕೂಡ ಇರುತ್ತದೆ. 90 ದಿನ ದಾಟಿದರೆ ಬ್ಯಾಂಕ್ ಅದನ್ನು ಕೆಟ್ಟ ಸಾಲದ ಪಟ್ಟಿಗೆ ಹಾಕುತ್ತದೆ. ಪೆನ್ನು ಹಿಡಿದು ನಿಮ್ಮ ಪರ್ಸನಲ್ ಲೋನಿನ ಮನೆಗಳನ್ನು ಒಂದೊಂದಾಗಿ ನೋಡಿ. ನನ್ನ ಊಹೆ ಸರಿಯಿದ್ದರೆ 2025ರಿಂದ ಈಚೆಗೆ ಅಲ್ಲಿ ಸೊನ್ನೆಗಳು ಕಡಿಮೆಯಾಗಿರುತ್ತವೆ.

ಯಾಕೆ ಅಂತ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ಎರಡು ತಾರೀಖುಗಳ ಮೇಲೆ. ಇಎಂಐ 5ಕ್ಕೆ, ದುಡ್ಡು ಬರುವುದು 20ಕ್ಕೆ. ಮೊದಲೆಲ್ಲ ಬ್ಯಾಂಕುಗಳು ಲೆಕ್ಕ ಕಳಿಸುತ್ತಿದ್ದದ್ದು ತಿಂಗಳಿಗೊಮ್ಮೆ. 20ಕ್ಕೆ ಕಟ್ಟಿದರೂ ತಿಂಗಳ ಕೊನೆಗೆ ಬಾಕಿ ಇರುತ್ತಿರಲಿಲ್ಲ, ಹಾಗಾಗಿ ಅದು ಕಾಣದೆ ಹೋಗುವ ಸಾಧ್ಯತೆ ಇತ್ತು. 2025ರ ಜನವರಿ 1ರಿಂದ ರಿಸರ್ವ್ ಬ್ಯಾಂಕ್ ಇದನ್ನು ಹದಿನೈದು ದಿನಕ್ಕೊಮ್ಮೆ ಮಾಡಿತು. 15ನೇ ತಾರೀಖಿಗೆ ಒಂದು ಲೆಕ್ಕ, ತಿಂಗಳ ಕೊನೆಗೆ ಇನ್ನೊಂದು ಹೋಗತೊಡಗಿತು. 15ಕ್ಕೆ ನೋಡಿದಾಗ ನಿಮ್ಮ ಕಂತು ಹತ್ತು ದಿನ ತಡ. ಮುಂದಿನ ತಿಂಗಳೂ ಹತ್ತು ದಿನ. ಅದರ ಮುಂದಿನ ತಿಂಗಳೂ ಅಷ್ಟೇ. ನೀವು ಒಂದು ಕಂತನ್ನೂ ನುಂಗಿಲ್ಲ, ಆದರೆ ದಾಖಲೆಯಲ್ಲಿ ಸದಾ ತಡ ಮಾಡುವವರಾಗಿ ಕಾಣುತ್ತಿರಬಹುದು. ಮೇಲಾಗಿ 5ಕ್ಕೆ ಖಾತೆಯಲ್ಲಿ ದುಡ್ಡಿಲ್ಲದೆ ಪ್ರತಿ ಸಲ ಬೌನ್ಸ್ ಆಗುತ್ತಿದ್ದರೆ ನಿಮ್ಮ ಬ್ಯಾಂಕೂ ದಂಡ ಹಾಕುತ್ತದೆ, ಸಾಲ ಕೊಟ್ಟವರೂ ಹಾಕುತ್ತಾರೆ.

ಸಾಲ ಕೊಟ್ಟವರಿಗೆ ಒಂದು ಅರ್ಜಿ ಬರೆಯಿರಿ. ನನ್ನ ಆದಾಯ ಬರುವುದು ಇಂಥ ತಾರೀಖಿಗೆ, ಕಂತಿನ ದಿನವನ್ನು 22ಕ್ಕೋ 25ಕ್ಕೋ ಬದಲಿಸಿ ಎಂದು ಕೇಳಿ. ಆಫೀಸಿನವರು ಬಿಲ್ ಪಾವತಿ ಮಾಡಿದ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿಡಿ. ಒಪ್ಪದಿದ್ದರೆ ಕಷ್ಟಪಟ್ಟು ಒಂದೇ ಒಂದು ಕಂತಿನ ದುಡ್ಡನ್ನು ಮುಂಗಡವಾಗಿ ಖಾತೆಯಲ್ಲಿ ಇಟ್ಟುಬಿಡಿ. ಈ ತಿಂಗಳು 20ಕ್ಕೆ ಬಂದದ್ದು ಮುಂದಿನ 5ಕ್ಕೆ. ಆ ಖಾತೆಯಿಂದ ತರಕಾರಿ, ಗ್ಯಾಸ್ ಅಂತ ತೆಗೆಯಬೇಡಿ. ನಿಮಗೆ ದುಡ್ಡಿನ ಕೊರತೆಗಿಂತ ತಾರೀಖಿನ ತೊಂದರೆ ಜಾಸ್ತಿ ಎಂದು ನನಗನ್ನಿಸುತ್ತದೆ. ಎರಡು ತಿಂಗಳಲ್ಲಿ ಮಾಡಬಹುದಾದ ಕೆಲಸ ಇದೊಂದೇ, ಅದಕ್ಕೆ ಏಜೆಂಟ್ ಬೇಡ.

ಈಗ ಆ ಹಳೆಯ ಕಾರ್ಡು. 70,000 ಹೇಗೆ 1,38,000 ಆಯಿತು ಎಂದು ನೊಂದುಕೊಂಡು ಕೇಳಿದ್ದೀರಿ. ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ ಎಂದಿಟ್ಟುಕೊಳ್ಳಿ. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಎರಡೂ ಸೇರಿ ನಾಲ್ಕು ಪರ್ಸೆಂಟ್ ದಾಟುತ್ತದೆ. ಏನೂ ಕಟ್ಟದೆ ಬಿಟ್ಟರೆ ಹದಿನೇಳು ಹದಿನೆಂಟು ತಿಂಗಳಲ್ಲಿ ದುಪ್ಪಟ್ಟು. 2020ರ ಮಾರ್ಚ್‌ನಿಂದ ಆಗಸ್ಟ್ ತನಕ ಕಂತು ಮುಂದೂಡಲು ಅವಕಾಶ ಇತ್ತಲ್ಲ, ಆಗಲೂ ಬಡ್ಡಿ ಓಡುತ್ತಲೇ ಇತ್ತು. ಇದನ್ನು ಆಗ ಜನರಿಗೆ ಬಿಡಿಸಿ ಹೇಳಿದವರು ಕಡಿಮೆ. ನಮ್ಮ ಹೋಟೆಲ್ ಕ್ಯಾಂಟೀನಿನವರಲ್ಲಿ ಎಷ್ಟೋ ಜನ ಹೀಗೇ ಸಿಕ್ಕಿಬಿದ್ದರು.

60,000 ಕೊಟ್ಟು ಮುಗಿಸಿದಾಗ ಉಳಿದ 78,000ವನ್ನು ಬ್ಯಾಂಕ್ ಬಿಟ್ಟುಕೊಟ್ಟಿತು. ಆದರೆ ರಿಪೋರ್ಟಿನಲ್ಲಿ ಆ ಖಾತೆಯ ಎದುರು 'ಕ್ಲೋಸ್ಡ್' ಅಂತ ಬರೆಯಲಿಲ್ಲ, 'ಸೆಟಲ್ಡ್' ಅಂತ ಬರೆಯಿತು. ಇಂಥ ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳುತ್ತಾರೆ. ಹೊಸ ಸಾಲ ಕೊಡುವವರ ಕಣ್ಣಿಗೆ ಅದು, ಪೂರ್ತಿ ಕಟ್ಟದೆ ಹೋದವರ ಖಾತೆ. ಇದನ್ನು ಸರಿಪಡಿಸುವ ದಾರಿ ಇದೆ. ಈಗ ಎಷ್ಟು ಕಟ್ಟಿದರೆ ಖಾತೆಯನ್ನು 'ಕ್ಲೋಸ್ಡ್' ಮಾಡುತ್ತೀರಿ ಎಂದು ಬ್ಯಾಂಕಿಗೆ ಬರೆದು ಕೇಳಿ. ಬಿಟ್ಟ ಅಷ್ಟನ್ನೂ ಅವರು ಕೇಳಬಹುದು, ಮಾತಾಡಿದರೆ ಕಡಿಮೆಯೂ ಮಾಡಬಹುದು. ಉತ್ತರ ಕಾಗದದ ಮೇಲೋ ಇಮೇಲಿನಲ್ಲೋ ಬರಲಿ. ಫೋನಿನ ಮಾತು ನಂಬಬೇಡಿ. ದುಡ್ಡು ಬ್ಯಾಂಕಿನ ಖಾತೆಗೇ ಹೋಗಲಿ, ವಸೂಲಿಯವರ ಕೈಗೆ ನಗದು ಬೇಡವೇ ಬೇಡ. ಕಟ್ಟಿದ ಮೇಲೆ ಬಾಕಿ ಇಲ್ಲ ಎಂಬ ನೋ ಡ್ಯೂಸ್ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಕೆಲವೊಮ್ಮೆ ಬ್ಯಾಂಕು ಇಂಥ ಬಾಕಿಯನ್ನು ಬೇರೆ ಕಂಪನಿಗೆ ಮಾರಿರುತ್ತದೆ. ರಿಪೋರ್ಟಿನಲ್ಲಿ ಅವರ ಹೆಸರಿದ್ದರೆ ವ್ಯವಹಾರ ಅವರ ಜೊತೆ.

ಇದಕ್ಕಾಗಿ ನೂರಕ್ಕೆ ಮೂರು, ಐದು ರೂಪಾಯಿ ಬಡ್ಡಿಗೆ ಕೈಸಾಲ ಮಾಡುವುದಾದರೆ ಮಾತ್ರ ಬೇಡ. ಕಾರ್ಡಿನ ಕಲೆ ಇನ್ನೊಂದು ವರ್ಷ ಇದ್ದರೂ ಇರಲಿ. ಈಗ ನಡೆಯುತ್ತಿರುವ ಕಂತು ಸರಿಯಾಗುವುದು ಮುಖ್ಯ, ಯಾಕೆಂದರೆ ಹಳೆಯ ತಪ್ಪಿಗಿಂತ ಇತ್ತೀಚಿನ ತಡ ಅಂಕವನ್ನು ಜಾಸ್ತಿ ಇಳಿಸುತ್ತದೆ.

ಕಟ್ಟಿದ್ದರೂ ರಿಪೋರ್ಟಿನಲ್ಲಿ ಬಾಕಿ ತೋರಿಸುತ್ತಿದ್ದರೆ, ಅಥವಾ ನಿಮ್ಮದಲ್ಲದ ಸಾಲ ಕಂಡರೆ, ತಕರಾರು ಸಲ್ಲಿಸಿ. 30 ದಿನದೊಳಗೆ ಬಗೆಹರಿಸಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು ಎಂಬ ನಿಯಮ 2024ರ ಏಪ್ರಿಲ್‌ನಿಂದ ಇದೆ. ಅದಕ್ಕೂ ಬಗ್ಗದಿದ್ದರೆ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. 14448ಕ್ಕೆ ಫೋನ್ ಮಾಡಿದರೆ ದೂರು ಕೊಡುವ ರೀತಿ ಹೇಳುತ್ತಾರೆ. ಯಾರಿಗಾದರೂ ಜಾಮೀನು ಹಾಕಿದ್ದರೆ ಅದನ್ನೂ ರಿಪೋರ್ಟಿನಲ್ಲಿ ಹುಡುಕಿ. ಅವರು ತಡ ಮಾಡಿದರೆ ಏಟು ನಿಮಗೂ ಬೀಳುತ್ತದೆ.

ಭಿಶಿಯ ಮಾತು ಓದಿ ಬೇಜಾರಾಯಿತು. ಅಷ್ಟು ವರ್ಷ ಒಂದು ಕಂತೂ ತಪ್ಪದೆ ಕಟ್ಟಿದ್ದೀರಿ, ನಿಮ್ಮ ಮಾತಿನ ಮೇಲೆ ನಿಮ್ಮ ಜನ ನಂಬಿಕೆ ಇಟ್ಟಿದ್ದಾರೆ. ಆದರೆ ಆ ಲೆಕ್ಕ ಯಾವ ಬ್ಯಾಂಕಿಗೂ ಹೋಗುವುದಿಲ್ಲ. ಹಾಗಾಗಿ ಮುಂದಿನ ಸಲ ಭಿಶಿ ನಿಮ್ಮ ಪಾಲಿಗೆ ಬಂದಾಗ 20-25 ಸಾವಿರವನ್ನು ಎಫ್‌ಡಿ ಇಟ್ಟು, ಅದರ ಮೇಲೆ ಕೊಡುವ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳಿ. ಎಫ್‌ಡಿಯೇ ಭದ್ರತೆ ಆದ್ದರಿಂದ ಅಂಕ ಕಡಿಮೆ ಇದ್ದರೂ ಸಾಮಾನ್ಯವಾಗಿ ಕೊಡುತ್ತಾರೆ. 20,000 ಮಿತಿ ಸಿಕ್ಕಿದರೆ ತಿಂಗಳಿಗೆ ಐದಾರು ಸಾವಿರ ದಾಟಬೇಡಿ. ಮೊಬೈಲ್ ಬಿಲ್, ಕರೆಂಟ್ ಬಿಲ್, ಅಷ್ಟು ಸಾಕು. ಬಿಲ್ ಬಂದಾಗ ಮಿನಿಮಮ್ ಡ್ಯೂ ಅಂತ ತೋರಿಸುವ ಸಣ್ಣ ಮೊತ್ತದ ಕಡೆ ನೋಡಲೇಬೇಡಿ, ಪೂರ್ತಿ ಕಟ್ಟಿ. ಹಳೆಯ ಕಾರ್ಡಿನ ಕಹಿ ಇನ್ನೂ ಇರುವುದರಿಂದ ಮತ್ತೆ ಕಾರ್ಡಾ ಎಂದು ನಿಮಗೆ ಅನ್ನಿಸಬಹುದು. ಕೈ ಹಿಡಿತದ ಬಗ್ಗೆ ನಿಮಗೇ ಅನುಮಾನ ಇದ್ದರೆ ಇದನ್ನು ಬಿಟ್ಟುಬಿಡಿ, ಪರ್ಸನಲ್ ಲೋನಿನ ಕಂತುಗಳೇ ಸೊನ್ನೆ ತುಂಬಿಸುತ್ತವೆ.

ಇಷ್ಟೆಲ್ಲ ಮಾಡಿದರೂ ಆರು ತಿಂಗಳಿಂದ ಒಂದು ವರ್ಷ ಬೇಕು. 750ಕ್ಕೆ ಮುಟ್ಟದೆಯೂ ಇರಬಹುದು. ಆದರೆ ಇಷ್ಟೇ ಅಂಕ ಇರಬೇಕು ಎಂದು ರಿಸರ್ವ್ ಬ್ಯಾಂಕ್ ಎಲ್ಲೂ ಹೇಳಿಲ್ಲ. ಅದು ಆಯಾ ಬ್ಯಾಂಕಿನ ತೀರ್ಮಾನ. 591ರಿಂದ ಮೇಲೆ ಏರುತ್ತಿರುವ, ಹತ್ತು ತಿಂಗಳು ಸಾಲಾಗಿ 000 ಇರುವ ರಿಪೋರ್ಟ್ ಹಿಡಿದು ಹೋದರೆ ಮ್ಯಾನೇಜರ್ ಜೊತೆ ಮಾತಾಡಲು ನಿಮಗೆ ಏನಾದರೂ ಇರುತ್ತದೆ. ಎಜುಕೇಶನ್ ಲೋನಿನಲ್ಲಿ ಸಾಲಗಾರಳು ಮಗಳು, ತಂದೆಯೋ ತಾಯಿಯೋ ಜೊತೆ ಸಾಲಗಾರರು. ನಿಮ್ಮ ಹೆಂಡತಿಗೆ ಸ್ವಂತ ಆದಾಯ ಇದ್ದರೆ ಅವರ ಹೆಸರು ಹಾಕಬಹುದಾ ಎಂದು ಈಗಲೇ ವಿಚಾರಿಸಿ. ಮಗಳು ಸೇರುವ ಕಾಲೇಜು ಕೇಂದ್ರ ಸರಕಾರದ ಪಿಎಂ ವಿದ್ಯಾಲಕ್ಷ್ಮಿ ಎಂಬ ಎಜುಕೇಶನ್ ಲೋನ್ ಯೋಜನೆಯ ಪಟ್ಟಿಯಲ್ಲಿದೆಯಾ ಅದನ್ನೂ ನೋಡಿ. ಅಲ್ಲಿ ಅಡಮಾನವೂ ಬೇಡ, ಜಾಮೀನೂ ಬೇಡ.

ಮತ್ತೆ ಸಂಘಕ್ಕೆ ಹೋಗದಿರುವ ವಿಷಯ. ದಯವಿಟ್ಟು ಹೋಗಿ. ಲಾಕ್‌ಡೌನಿನಲ್ಲಿ ಕ್ಯಾಂಟೀನ್ ಮುಚ್ಚಿ ಕೂತವರು ನೀವೊಬ್ಬರೇ ಅಲ್ಲ. ಅಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು ಒಬ್ಬರಾದರೂ ಸಿಗುತ್ತಾರೆ, ಅರ್ಜಿ ಬರೆಯಲು ಅವರನ್ನು ಕೇಳಿ. ನಮ್ಮವರಲ್ಲಿ ಇದು ಪುಕ್ಕಟೆ ಸಿಗುವ ಸಹಾಯ, ಸುಮ್ನೆ ನಾಚಿಕೊಂಡು ಬಿಡಬೇಡಿ.

ರಿಪೋರ್ಟ್ ತೆಗೆಸಿದ ಮೇಲೆ ಯಾವ ಸಾಲಿನಲ್ಲಾದರೂ ಅರ್ಥವಾಗದಿದ್ದರೆ ಮತ್ತೆ ಬರೆಯಿರಿ. ಪಾನ್ ಮತ್ತು ಖಾತೆ ನಂಬರಿನ ಮೇಲೆ ಕಾಗದ ಅಂಟಿಸಿ ಜೆರಾಕ್ಸ್ ಕಳಿಸಿದರೆ ಸಾಕು.

— ಸಂಪಾದಕ